ಗಂಗಾಧರಸ್ವಾಮಿಯ ತುಟಿ

ಗಂಗಾಧರಸ್ವಾಮಿಯ ತುಟಿ ಕೈಕೊಟ್ಟದ್ದು ಒಂದು ಸೋಮವಾರ ಬೆಳಿಗ್ಗೆ, ತಿ. ನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ಟೀ ಕುಡಿಯುವಾಗ. ಬಾಯಿಗೆ ಹೋದ ಗುಟುಕು ಎಡಗಡೆಯಿಂದ ಹಾಗೇ ಇಳಿದು ಯೂನಿಫಾರಂ ಮೇಲೆ ಬಿತ್ತು. ಒರೆಸಿಕೊಂಡು ಮೈಸೂರಿನ ಬಸ್ಸು ಹತ್ತಿದ. ಪೊಲೀಸ್ ಬ್ಯಾಂಡಿನಲ್ಲಿ ಇಪ್ಪತ್ತು ವರ್ಷದ ಮೇಲೆ ಕ್ಲಾರಿನೆಟ್ ಊದಿದವನು ಅವನು. ಪ್ರಾಕ್ಟೀಸ್ ಹಾಲಿನಲ್ಲಿ ಕೂತು ಕ್ಲಾರಿನೆಟ್ಟಿನ ತುದಿಯ ರೀಡನ್ನು, ತುಟಿಯಲ್ಲಿ ಹಿಡಿದು ಊದುವ ಆ ತೆಳು ಪಟ್ಟಿಯನ್ನು, ಬಾಯಿಗಿಟ್ಟ. ಉಸಿರೆಲ್ಲ ಬಾಯಿಯ ಮೂಲೆಯಿಂದ ಪುಸ್ಸೆಂದು ಹೊರಗೆ ಹೋಯಿತು. ಪಕ್ಕದವನು ತಿರುಗಿ ನೋಡಿ ಎದ್ದೇ ನಿಂತ. ಗಂಗಾಧರಸ್ವಾಮಿಯ ಮುಖದ ಅರ್ಧ ಭಾಗ ಕೆಳಕ್ಕೆ ಜಾರಿತ್ತು.

ಮನೆ ಮಾಡಿದ್ದು ನರಸೀಪುರದಲ್ಲಿ, ಹುಟ್ಟಿದೂರು ನಂಜನಗೂಡು ತಾಲ್ಲೂಕಿನ ಹದಿನಾರು ಎಂಬ ಹಳ್ಳಿ. ಹೊಲ ಗದ್ದೆ ಇದ್ದ ಮನೆ. ಓಟದಲ್ಲಿ ಮುಂದಿದ್ದದ್ದರಿಂದ ಪೊಲೀಸಿಗೆ ಸೇರಿದ. ಅಲ್ಲಿ ಬ್ಯಾಂಡ್ ಮಾಸ್ಟರ್ ಗೋವಿಂದಯ್ಯ, ಸಂತೆಯಲ್ಲಿ ಎತ್ತಿನ ಹಲ್ಲು ನೋಡುವವರ ಹಾಗೆ ಅವನ ಬಾಯಿ ಬಿಡಿಸಿ ನೋಡಿ, “ಲೇ, ಇವನ ತುಟಿ ಚೆನ್ನಾಗದೆ, ನನಗೆ ಕೊಟ್ಬಿಡಿ” ಅಂದಿದ್ದರು.

ಗೋವಿಂದಯ್ಯ ಊದುವುದರ ಜೊತೆಗೆ ಮಾತನ್ನೂ ಕಲಿಸಿದರು. ಇಂಗ್ಲಿಷ್ ಸಂಗೀತದ ದೊಡ್ಡ ದೊಡ್ಡ ಪದಗಳನ್ನು ಕಡಲೆಕಾಯಿ ಸುಲಿದ ಹಾಗೆ ಸುಲಿದು ಕೊಡುತ್ತಿದ್ದರು. “ರುಬಾಟೊ ಅಂದ್ರೆ ಕದ್ದ ಕಾಲ ಕಣ್ಲಾ. ಈ ಸ್ವರದತ್ರ ಒಂಚೂರು ಕದಿ, ಮುಂದಿನದಕ್ಕೆ ವಾಪಸ್ ಕೊಡು. ತಾಳಕ್ಕೆ ಗೊತ್ತಾಗ್ಬಾರ್ದು.” ಲೈಟ್‌ಮೋಟಿಫ್ ಅಂದರೆ ಏನೆಂದು ಕೇಳಿದಾಗ, “ನಿಮ್ ಕಡೆ ಬಯಲಾಟದಲ್ಲಿ ರಾಕ್ಷಸ ಬರೋಕ್ ಮುಂಚೆನೇ ಮದ್ದಳೆ ಏಳ್ಬಿಡುತ್ತಲ್ಲ, ಅಂಗೆ. ಒಬ್ಬೊಬ್ಬ ಪಾತ್ರಕ್ಕೂ ಒಂದೊಂದು ಸ್ವರದ ತುಣುಕು. ಆಸಾಮಿ ಎದುರಿಗೆ ಇಲ್ದಿದ್ರೂ ಆ ತುಣುಕು ಬಂದ್ರೆ ಅವನು ನೆನಪಾಗಬೇಕು” ಅಂದಿದ್ದರು. ಗಂಗಾಧರಸ್ವಾಮಿ ಅದನ್ನೆಲ್ಲ ಕೇಳಿ ತಲೆಯಾಡಿಸುತ್ತಿದ್ದ. ಊದಲು ಬರುವವನಿಗೆ ಈ ಪದಗಳು ಯಾಕೆ ಅಂತ ಒಳಗೊಳಗೇ ಅಂದುಕೊಳ್ಳುತ್ತಿದ್ದ.

ಡಾಕ್ಟರು ಮುಖದ ನರ ಊದಿಕೊಂಡಿದೆ, ಬಹಳ ಜನಕ್ಕೆ ತಾನೇ ಸರಿಹೋಗುತ್ತದೆ ಅಂದರು. ಕನ್ನಡಿ ಮುಂದೆ ಕೂತು ಪ, ಬ, ಮ ಹೇಳಬೇಕು, ಕೆನ್ನೆ ಉಬ್ಬಿಸಬೇಕು. ಎಡಗಣ್ಣು ಪೂರ್ತಿ ಮುಚ್ಚುತ್ತಿರಲಿಲ್ಲ, ಅದರಿಂದ ಸದಾ ನೀರು ಸುರಿಯುತ್ತಿತ್ತು. ಹೆಂಡತಿ ಸರ್ವಮಂಗಳ ದಿನಾ ಅದಕ್ಕೆ ಡ್ರಾಪ್ಸ್ ಹಾಕಿ, ಮಲಗುವಾಗ ರೆಪ್ಪೆ ಮುಚ್ಚಿ ಟೇಪು ಅಂಟಿಸುತ್ತಿದ್ದಳು. ಮಳೆಗಾಲ ಮುಗಿಯುವ ಹೊತ್ತಿಗೆ ಮುಖ ಮುಕ್ಕಾಲು ಪಾಲು ವಾಪಸ್ ಬಂತು. ಊಟ ಮಾಡಬಹುದು, ಮಾತಾಡಬಹುದು. ರೀಡು ಮಾತ್ರ ತುಟಿಯಲ್ಲಿ ನಿಲ್ಲಲಿಲ್ಲ. ಬ್ಯಾಂಡಿನಲ್ಲಿ ಅವನನ್ನು ಸ್ಟೋರಿಗೆ ಹಾಕಿದರು. ಡ್ರಮ್ಮು, ತುತ್ತೂರಿಗಳನ್ನು ಒರೆಸಿ ಇಡುವ ಕೆಲಸ. ಒರೆಸಿ ಇಟ್ಟ.

ಅವನಿಗೇ ಆಶ್ಚರ್ಯವಾದದ್ದೆಂದರೆ, ದುಃಖ ಬರಲಿಲ್ಲ. ಬರಬೇಕು ಅಂತ ಕಾದ. ಪ್ರಾಕ್ಟೀಸ್ ಹಾಲಿನಿಂದ ಕ್ಲಾರಿನೆಟ್ಟಿನ ಸದ್ದು ಕೇಳಿದಾಗ ಬೇರೆ ಯಾರದೋ ಮನೆಯ ಮಿಕ್ಸಿ ತಿರುಗಿದ ಹಾಗೆ ಕೇಳಿಸಿತು.

ಆ ಕಾರ್ತೀಕದಲ್ಲಿ ಊರು ಹದಿನಾರಿನಲ್ಲಿ ಅವನ ತಾಯಿ ಚನ್ನಬಸಮ್ಮ ತೀರಿಕೊಂಡಳು. ಮಗನನ್ನು ಪೆರೇಡಿನಲ್ಲಿ ನೋಡಲು ಮೈಸೂರಿಗೆ ಬಂದು, ಬ್ಯಾಂಡು ದಾಟಿಹೋಗುವಾಗ “ನಮ್ಮವನು ಎರಡ್ನೇ ಸಾಲು” ಅಂತ ಪಕ್ಕದವರಿಗೆಲ್ಲ ತೋರಿಸಿದ್ದವಳು. ಹೊಲದಲ್ಲಿ ಗುಣಿ ತೆಗೆದಿದ್ದರು. ವಿಭೂತಿ ಹಚ್ಚಿ, ಅಂಗೈಗೆ ಲಿಂಗ ಕೊಟ್ಟು, ಕೂತಂತೆಯೇ ಇಳಿಸಿದರು. ಗಂಗಾಧರಸ್ವಾಮಿ ಗುಣಿಯ ಅಂಚಿನಲ್ಲಿ ನಿಂತು ಮಣ್ಣು ಹಾಕಿದ. ಎಡಗಣ್ಣು ಎಂದಿನಂತೆ ಸುರಿಯುತ್ತಿತ್ತು.

“ಎಂಗ್ ಅಳ್ತಾವ್ನೆ ನೋಡು, ಪಾಪ. ತಾಯಿ ಅಂದ್ರೆ ಪ್ರಾಣ ಇವನ್ಗೆ” ಅಂದ ಪಕ್ಕದ ಮನೆಯ ನಾಗಯ್ಯ.

ಗಂಗಾಧರಸ್ವಾಮಿ ಬಲಗಣ್ಣು ಮುಟ್ಟಿ ನೋಡಿಕೊಂಡ. ಒಣಗಿತ್ತು. ಟವಲಿನಿಂದ ಎರಡನ್ನೂ ಒರೆಸಿಕೊಂಡ.

ಸಂಕ್ರಾಂತಿ ಕಳೆದ ಮೇಲೆ ಬ್ಯಾಂಡಿಗೆ ಹೊಸದಾಗಿ ಸೇರಿದ್ದ ಪವಿತ್ರಾ ಎಂಬ ಹುಡುಗಿ ಅವನನ್ನು ಹುಡುಕಿಕೊಂಡು ಸ್ಟೋರಿಗೆ ಬಂದಳು. ತಲಕಾಡಿನವಳು, ಕ್ಲಾರಿನೆಟ್ಟೇ ಊದುವವಳು. ಥಿಯರಿ ಪರೀಕ್ಷೆ ಕಟ್ಟಿದ್ದಳು. ಪಾಶ್ಚಾತ್ಯ ಸಂಗೀತದ ರೊಮ್ಯಾಂಟಿಕ್ ಕಾಲ, ಅಂದರೆ ಹತ್ತೊಂಬತ್ತನೇ ಶತಮಾನದಿಂದ ಈಚಿನವರೆಗಿನ ಚರಿತ್ರೆಯೆಲ್ಲ ಬರೆಯಬೇಕಿತ್ತು.

“ಪುಸ್ತಕ ಓದಿದ್ರೆ ಒಂದಕ್ಷರ ತಲೆಗೋಗಲ್ಲ ಸಾ. ಗೋವಿಂದಯ್ಯ ಮಾಸ್ಟರ್ ಏಳಿದ್ದೆಲ್ಲ ನಿಮ್ಗೊತ್ತಂತೆ.”

“ನಾನು ಈಗ ಊದಲ್ಲಮ್ಮ.”

“ಊದೋದು ನಾ ಊದ್ತೀನಿ. ಪದ ಏಳಿಕೊಡಿ.”

ಬೇಡ ಅನ್ನುವುದಕ್ಕೂ ಒಂದು ಮನಸ್ಸು ಬೇಕಲ್ಲ, ಅದೂ ಇರಲಿಲ್ಲ. ಒಪ್ಪಿದ. ರಜೆಯ ದಿನ ಊರಿಗೆ ಹೋಗುವಾಗ ಪವಿತ್ರಾ ನರಸೀಪುರದಲ್ಲಿ ಇಳಿದು ಅವನ ಮನೆಗೆ ಬರತೊಡಗಿದಳು. ಸರ್ವಮಂಗಳ ಉಪ್ಪಿಟ್ಟೋ ಚಿತ್ರಾನ್ನವೋ ಮಾಡಿಡುತ್ತಿದ್ದಳು.

ಪವಿತ್ರಾ ಪ್ರೋಗ್ರಾಂ ಮ್ಯೂಸಿಕ್ ಅಂದರೆ ಮದುವೆ ಪ್ರೋಗ್ರಾಮಿಗೆ ನುಡಿಸುವುದು ಅಂತ ಬರೆದುಕೊಂಡಿದ್ದಳು. ಅವನು ತಿದ್ದಿದ. “ಅಲ್ಲ. ಮಾತಿಲ್ಲದೆ ಕತೆ ಹೇಳೋದು. ಹೊಳೆ, ಬಿರುಗಾಳಿ, ಒಬ್ಬ ಹುಚ್ಚುಪ್ರೇಮಿ, ಏನಾದ್ರೂ ಸರಿ. ಕತೆ ಬೇಡ, ಸ್ವರವೇ ಸಾಕು ಅನ್ನೋರದ್ದು ಅಬ್ಸಲ್ಯೂಟ್ ಮ್ಯೂಸಿಕ್. ಆ ಕಾಲದಲ್ಲಿ ಇದಕ್ಕೇ ಎರಡು ಪಂಗಡವಾಗಿ ಜಗಳ ಆಡಿದ್ರು.” ಇಂಪ್ರೆಷನಿಸಂ ಹೇಳುವಾಗ ಅವಳನ್ನು ಸಂಗಮದ ಮೆಟ್ಟಿಲವರೆಗೆ ಕರೆದುಕೊಂಡು ಹೋದ. “ಕಪಿಲೆ ಎಲ್ಲಿ ಮುಗೀತು, ಕಾವೇರಿ ಎಲ್ಲಿ ಶುರುವಾಯ್ತು, ಗೆರೆ ಹಾಕು ನೋಡೋಣ.” ಅವಳು ನೀರು ನೋಡಿ ನಕ್ಕಳು. “ಒಂದು ಸ್ವರ ಇನ್ನೊಂದರೊಳಗೆ ಕರಗ್ಬೇಕು, ಗೆರೆ ಹಾಕ್ಬಾರ್ದು ಅಂತ್ಲೇ ಇಂಪ್ರೆಷನಿಸಂನವರು ನುಡಿಸಿದ್ದು” ಅಂದ. ಹೇಳುವುದು ಸುಲಭವಾಗಿತ್ತು. ನೀರು ಅವನಿಗೆ ಬರೀ ನೀರಿನಂತೆ ಕಾಣುತ್ತಿತ್ತು.

ಒಂದು ಸಲ ಏಟೋನಾಲಿಟಿಯ ಪಾಠ ಬಂತು. ಪವಿತ್ರಾ ಫೋನಿನಲ್ಲಿ ಒಂದು ಪಿಯಾನೋ ತುಣುಕು ಹಾಕಿ ಕೇಳಿ ಮುಖ ಸಿಂಡರಿಸಿದಳು.

“ಇದೇನ್ ಸಾ, ಇದಕ್ಕೆ ಮನೇನೇ ಇಲ್ಲ?”

“ಸರಿಯಾಗಿ ಹೇಳ್ದೆ” ಅಂದ ಗಂಗಾಧರಸ್ವಾಮಿ. “ಹಳೇ ಸಂಗೀತದಲ್ಲಿ ಒಂದು ಸ್ವರ ಮನೆ. ಎಲ್ಲಿ ಸುತ್ತಿದ್ರೂ ಸಾಯಂಕಾಲಕ್ಕೆ ಅಲ್ಲಿಗೆ ಬರ್ಬೇಕು. ರೊಮ್ಯಾಂಟಿಕ್‌ನವರು ದೂರ ದೂರ ಹೋದ್ರು, ಬರೋದು ತಡವಾಗ್ತಾ ಹೋಯ್ತು. ಕೊನೆಗೆ ಒಬ್ಬ, ವಾಪಸ್ ಬರ್ಲೇಬೇಕಾ ಅಂದ. ಹನ್ನೆರಡು ಸ್ವರಕ್ಕೂ ಒಂದೇ ಮರ್ಯಾದೆ ಕೊಟ್ಟ. ಎಲ್ಲಾ ಬಂದು ಹೋಗೋವರ್ಗೂ ಯಾವುದೂ ಮತ್ತೆ ಬರೋ ಹಾಗಿಲ್ಲ. ಯಾವುದೂ ಮನೆ ಅಲ್ಲ.”

“ಕೇಳೋರ್ಗೆ ಏನ್ ಅನ್ನಿಸ್ಬೇಕು ಸಾ?”

ಅವನು ಫೋನನ್ನು ಅವಳ ಕಡೆ ಸರಿಸಿದ. “ಏನೂ ಅನ್ನಿಸ್ದೇ ಇರ್ಬೋದು. ಕೆಲವರಿಗೆ ಹಾಗೇ ಒಂದು ವರ್ಷ, ಎರಡು ವರ್ಷ ಇರುತ್ತೆ” ಅಂದ. ಪವಿತ್ರಾ ಅದನ್ನೂ ಬರೆದುಕೊಳ್ಳಲು ಹೊರಟಾಗ, “ಅದು ಪರೀಕ್ಷೆಗಲ್ಲ, ಬಿಡು” ಅಂದ.

ಅವಳು ಹೋದ ಮೇಲೆ ಸರ್ವಮಂಗಳ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು.

“ಅತ್ತೆ ಮಣ್ಣಿನ ದಿನ ನೀವು ಅತ್ರಿ ಅಂತ ಊರೆಲ್ಲ ಏಳ್ತು. ಆ ಕಣ್ಣಿಗೆ ಡ್ರಾಪ್ಸ್ ಹಾಕೋಳು ನಾನು. ನೀವು ಅಳ್ಲಿಲ್ಲ.”

“ಇಲ್ಲ.”

“ಇನ್ನೂ ಬಂದಿಲ್ವಾ?”

“ಇಲ್ಲ ಕಣೆ.”

ಅವಳು ಅವನನ್ನೇ ನೋಡಿದಳು. ಬಯ್ಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. “ಸರಿ. ನಾನು ನಿಮ್ ಪಾಲಿಂದೂ ಅತ್ತಿದ್ದೀನಿ. ಬನ್ನಿ, ಮುದ್ದೆ ಆರುತ್ತೆ” ಅಂದಳು. ಅವನು ಕೈ ತೊಳೆದು ಕೂತು, ಎರಡು ಸಲ ಸಾರು ಹಾಕಿಸಿಕೊಂಡು ಉಂಡ.

ಪವಿತ್ರಾ ಪಾಸಾದಳು. ಅದನ್ನು ನೋಡಿ ಇನ್ನೂ ನಾಲ್ಕೈದು ಜನ ಪದ ಕಲಿಯಲು ಬಂದರು. ಹೊಸ ಬ್ಯಾಂಡ್ ಮಾಸ್ಟರು ಅವನನ್ನು ಸ್ಟೋರಿನಿಂದ ಬಿಡಿಸಿ ಥಿಯರಿ ಕ್ಲಾಸಿಗೇ ಹಾಕಿದರು. ಅವನ ಹಳೆಯ ಕ್ಲಾರಿನೆಟ್ಟನ್ನು ಯಾರಿಗೆ ಕೊಡಲಿ ಅಂತ ಕೇಳಿದಾಗ, “ಪವಿತ್ರಾಗೆ ಕೊಡಿ. ಕೆಳಗಿನ ಕೀ ಒತ್ತೋಕೆ ಸ್ವಲ್ಪ ಬಿಗಿ ಅಂತ ಹೇಳಿ” ಅಂದ.

ಆಗಸ್ಟಿನಲ್ಲಿ ನಂಜನಗೂಡಿನ ಮೈದಾನದಲ್ಲಿ ಬ್ಯಾಂಡು ನುಡಿಸಿತು. ಅವನು ಬಸ್ಸು ಹಿಡಿದು ಹೋಗಿ ಜನರ ನಡುವೆ ಬಿಸಿಲಲ್ಲಿ ನಿಂತು ಕೇಳಿದ. ಪವಿತ್ರಾ ಎರಡನೇ ಸಾಲಿನಲ್ಲಿ, ಅವನ ಹಳೆಯ ಜಾಗದಲ್ಲಿದ್ದಳು. ಮುಗಿದ ಮೇಲೆ ಬೆವರು ಒರೆಸುತ್ತಾ ಓಡಿ ಬಂದಳು.

“ಎಂಗಿತ್ತು ಸಾ?”

“ನಡುವಿನ ಭಾಗದಲ್ಲಿ ಶ್ರುತಿ ಕೂದಲೆಳೆ ಏರಿತ್ತು. ಬಿಸಿಲಿಗೆ ಹಾಗಾಗುತ್ತೆ. ಉಳಿದದ್ದು ಸರಿಯಾಗಿತ್ತು.”

“ಅಷ್ಟೇನಾ?”

“ಅಷ್ಟೇ. ಮುಂದಿನ ವಾರ ಮಿನಿಮಲಿಸಂ ಶುರು ಮಾಡೋಣ, ಒಂದೇ ತುಣುಕನ್ನ ಮತ್ತೆ ಮತ್ತೆ ನುಡಿಸೋದು, ಹುಡುಗರಿಗೆಲ್ಲ ಹೇಳು.”

ಅವಳು ಸೆಲ್ಯೂಟ್ ಹೊಡೆದು ವ್ಯಾನಿನ ಕಡೆ ಓಡಿದಳು. ಗಂಗಾಧರಸ್ವಾಮಿ ರಸ್ತೆ ದಾಟಿ, ಸರ್ವಮಂಗಳ ಹೇಳಿದ್ದ ದಂಟಿನ ಸೊಪ್ಪು ಎರಡು ಕಟ್ಟು ತೆಗೆದುಕೊಂಡು ನರಸೀಪುರದ ಬಸ್ಸಿಗೆ ನಿಂತ. ಕಿಟಕಿ ಪಕ್ಕದ ಸೀಟು ಸಿಕ್ಕಿತು.