ಮೋತಿಗೆ ಒಂದೇ ಮಾತು

ಗುತ್ತಲಿನ ಚಿಕ್ಕಬೋರಮ್ಮ ಕಬ್ಬಿನ ಗಾಡಿ ಹೊಡೆದುಕೊಂಡು ಮಂಡ್ಯದ ಸಕ್ಕರೆ ಕಾರ್ಖಾನೆಗೆ ಹೋದದ್ದು ಸಾವಿರದ ಒಂಬೈನೂರ ನಲವತ್ತೊಂದರಲ್ಲಿ. ಗಂಡ ಬೋರಯ್ಯ ಬದುವಿನಿಂದ ಜಾರಿ, ಕಾಲು ಮುರಿದುಕೊಂಡು ಜಗಲಿಯಲ್ಲಿ ಮಲಗಿದ್ದ. ಕಾರ್ಖಾನೆಯ ಚೀಟಿ ಬಂದಿತ್ತು, ಕಬ್ಬು ಕಡಿದೂ ಆಗಿತ್ತು. ಮರುದಿನ ಸಾಗಿಸದಿದ್ದರೆ ಸರದಿ ತಪ್ಪಿ, ವರ್ಷದ ದುಡಿಮೆ ಬಿಸಿಲಿಗೆ ಒಣಗುತ್ತಿತ್ತು.

ಹಳೆಯ ಎತ್ತು ಹೇಳಿದ ಹಾಗೆ ಕೇಳುತ್ತಿತ್ತು. ಹೊಸದಾಗಿ ಕೊಂಡ ಮೋತಿ ಮಾತ್ರ ಮಲಗಿದಲ್ಲಿಂದ ಏಳಲಿಲ್ಲ. ಅದು ಮಂಡ್ಯ ಪೇಟೆಯ ಪೀರ್ ಪಾಷಾ ಸಾಕಿದ ಎತ್ತು. ಆತ ಸೈಕಲ್ ಅಂಗಡಿ ಇಟ್ಟ ಮೇಲೆ ಮಾರಿದ್ದ. ಅದಕ್ಕೆ ಗೊತ್ತಿದ್ದದ್ದು ಉರ್ದು ಒಂದೇ. ಚಿಕ್ಕಬೋರಮ್ಮ ಗದರಿದಳು, ಬೇಡಿಕೊಂಡಳು, ಮುತ್ತತ್ತಿರಾಯನಿಗೆ ಮುಡಿಪು ಕಟ್ಟಿದಳು. ಪಕ್ಕದ ಮನೆಯ ಸಿದ್ದರಾಜು ಬೇಲಿಯಾಚೆ ನಿಂತು, "ಎತ್ತಿಗೊಬ್ಬ ಮೇಷ್ಟ್ರನ್ನ ನೋಡಕ್ಕಾ" ಎಂದು ನಕ್ಕ.

ಅವಳು ಅದನ್ನೇ ನಿಜವೆಂದುಕೊಂಡು, ಮಡಿಲಲ್ಲಿ ಅವರೆಕಾಯಿ ಕಟ್ಟಿಕೊಂಡು ಪೀರ್ ಪಾಷಾನ ಮನೆಗೆ ನಡೆದಳು. ಅವನ ಹೆಂಡತಿ ಹಾಜಿರಾ ಬೀ ಎಲ್ಲವನ್ನೂ ಕೇಳಿಸಿಕೊಂಡು, "ನೀನು ಭಾಳ ಮಾತಾಡ್ತೀ ಕಣಮ್ಮ. ಒಂದೇ ಮಾತು ಹೇಳು. ಹೇಳ್ಬುಟ್ಟು ಸುಮ್ನೆ ನಿಂತ್ಕೊ" ಎಂದಳು. ಆಮೇಲೆ ಅವರೆಕಾಯಿ ಬಿಡಿಸುತ್ತಲೇ ಪಾಠ ಮಾಡಿದಳು. ಉಠ್ನಾ ಎಂದರೆ ಏಳುವುದು, ಚಲ್ನಾ ಎಂದರೆ ನಡೆಯುವುದು, ಠೈರ್ನಾ ಎಂದರೆ ನಿಲ್ಲುವುದು. ಕೊನೆಯ ‘ನಾ’ ಬಿಟ್ಟು ಹೇಳಿದರೆ ಅದೇ ಅಪ್ಪಣೆ. ಏನು ಮಾಡಬಾರದು ಎಂದು ಎತ್ತಿಗೆ ಹೇಳಬಾರದು. ಏನು ಮಾಡಬೇಕೋ ಅಷ್ಟೇ ಹೇಳಬೇಕು. ಚಿಕ್ಕಬೋರಮ್ಮ ದಾರಿಯುದ್ದಕ್ಕೂ ಆ ಮೂರು ಮಾತನ್ನು ದೇವರ ನಾಮದಂತೆ ಜಪಿಸಿಕೊಂಡು ಬಂದಳು.

ಬೆಳಿಗ್ಗೆ ಮೋತಿಯ ಮುಂದೆ ನಿಂತು "ಉಠ್" ಎಂದಳು. ಒಂದು ಕಿವಿ ಅಲ್ಲಾಡಿತು. ಇನ್ನೂ ಹತ್ತು ಮಾತು ನಾಲಿಗೆಗೆ ಬಂದವು. ಸೆರಗು ಕಚ್ಚಿಕೊಂಡು ಕಾದಳು. ಮೋತಿ ಎದ್ದಿತು. ಹಲ್ಲುಜ್ಜುತ್ತಿದ್ದ ಸಿದ್ದರಾಜುವಿನ ಬೇವಿನ ಕಡ್ಡಿ ಬಾಯಲ್ಲೇ ನಿಂತಿತು.

ಕಾರ್ಖಾನೆಯ ಗೇಟಿನ ಹತ್ತಿರ ಮುಂದಿನ ಗಾಡಿ ತಟ್ಟನೆ ನಿಂತಿತು. ಇಳಿಜಾರು. ಸುತ್ತಲಿನ ಗಂಡಸರೆಲ್ಲ ಒಟ್ಟಿಗೆ ಕೂಗತೊಡಗಿದರು; ಮೋತಿ ಬೆದರಿ ಮುನ್ನುಗ್ಗಿತು. ಚಿಕ್ಕಬೋರಮ್ಮನೂ ಬ್ಯಾಡ ಬ್ಯಾಡ ಎಂದು ಕಿರುಚಿದಳು. ಮರುಕ್ಷಣ ಬಾಯಿ ಮುಚ್ಚಿ, ಹಗ್ಗ ಬಿಗಿಹಿಡಿದು, ಮೆಲ್ಲಗೆ "ಠೈರ್" ಎಂದಳು. ಮತ್ತೇನೂ ಹೇಳಲಿಲ್ಲ.

ಮೋತಿ ನಿಂತಿತು. ಗೇಣು ದೂರದಲ್ಲಿದ್ದ ಮುಂದಿನ ಗಾಡಿಯ ಕಬ್ಬಿಗೆ ನಿಧಾನವಾಗಿ ಬಾಯಿ ಹಾಕಿತು.

"ಏನಮ್ಮೋ, ನಿಮ್ಮೆತ್ತು ನಮ್ ಕಬ್ಬು ತಿಂತಾ ಅದೆ. ತಿನ್ಬ್ಯಾಡ ಅನ್ನು" ಎಂದ ಆ ಗಾಡಿಯವನು.

"ಅದೊಂದು ಹೇಳ್ಕೊಟ್ಟಿಲ್ಲ ಕಣಣ್ಣ" ಎಂದಳು ಚಿಕ್ಕಬೋರಮ್ಮ.

ಅವನೂ ನಕ್ಕುಬಿಟ್ಟ. ಅಷ್ಟರಲ್ಲಿ ಅವನ ಗಾಡಿ ಮುಂದೆ ಸರಿಯಿತು. ಕಬ್ಬಿನ ತೂಕಕ್ಕೆ ಮುಂದಿನ ಸರದಿ ಇವಳದೇ. ಅವಳು "ಚಲ್" ಎಂದು ಹೇಳಿ, ಕಾದಳು.