ಮಿತ್ಸುಯೊ ತೊಳೆದ ಜಾಡಿಗಳು

ಹಮಾಸಾವಾ ಊರಿನ ವಿಶ್ವವಿದ್ಯಾಲಯದಲ್ಲಿ, ರಸಾಯನಶಾಸ್ತ್ರದ ವಿಭಾಗದ ಗಾಜಿನ ಸಾಮಾನು ತೊಳೆಯುವ ಕೆಲಸ ಮಿತ್ಸುಯೊಳದು. ಕಚೇರಿಯಲ್ಲಿ ಅವಳ ಮನೆತನದ ಹೆಸರಿನವರೇ ಇನ್ನೊಬ್ಬರು ಇದ್ದುದರಿಂದ ಎಲ್ಲರೂ ಅವಳನ್ನು ಹೆಸರು ಹಿಡಿದು ಮರ್ಯಾದೆಯಿಂದ ಮಿತ್ಸುಯೊ-ಸಾನ್ ಎಂದೇ ಕರೆಯುತ್ತಿದ್ದರು; ಅವಳು ಪ್ರಾಧ್ಯಾಪಕರನ್ನು ಸೆನ್ಸೇ ಎನ್ನುತ್ತಿದ್ದಳು. ಮಕ್ಕಳು ಶಾಲೆಗೆ ಹೋಗತೊಡಗಿದ ಮೇಲೆ ಸೇರಿದ ಕೆಲಸ. ಈಗ ತಲೆ ಅರ್ಧ ನರೆತಿದೆ. ಗಂಟೆಯ ಲೆಕ್ಕದ ಸಂಬಳ. ಅವಳ ಕೈಯಿಂದ ಹೊರಬಂದ ಪಾತ್ರೆಯನ್ನು ಬೆಳಕಿಗೆ ಹಿಡಿದರೆ ಒಂದು ಕಲೆಯೂ ಕಾಣುತ್ತಿರಲಿಲ್ಲ. ಹಿರಿಯ ಪ್ರಾಧ್ಯಾಪಕ ಒನೊದೆರ ಹೊಸ ವಿದ್ಯಾರ್ಥಿಗಳಿಗೆ ಮೊದಲು ತೋರಿಸುತ್ತಿದ್ದುದು ಯಂತ್ರಗಳನ್ನಲ್ಲ, ಅವಳ ಕಪಾಟನ್ನು. ಅವಳಿಗೂ ಅದರ ಹೆಮ್ಮೆ ಇತ್ತು.

ಆ ವರ್ಷ ವಿಶ್ವವಿದ್ಯಾಲಯ ಬೀಜನಿಧಿ ಅಂತ ಒಂದಿಷ್ಟು ಹಣ ತೆಗೆದಿಟ್ಟಿತು. ಒಂದೇ ವಿಭಾಗದವರು ಕೇಳಿದರೆ ಕೊಡುವುದಿಲ್ಲ; ಬೇರೆ ಬೇರೆ ಶಾಸ್ತ್ರದ ಇಬ್ಬರು ಕೂಡಿ ಕೇಳಬೇಕು. ವರ್ಷದೊಳಗೆ ಮೊಳಕೆ ತೋರಿಸಿದರೆ ಮುಂದೆ ದೊಡ್ಡ ಹಣ, ಇಲ್ಲದಿದ್ದರೆ ಅಲ್ಲಿಗೆ ಮುಗಿಯಿತು. ಒನೊದೆರ ಜೊತೆ ಸೇರಿ ಕೇಳಿದವಳು ಜೀವಶಾಸ್ತ್ರದ ಕಯಾನೊ. ಇನ್ನೂ ಚಿಕ್ಕ ವಯಸ್ಸು, ಕಾಯಂ ಅಲ್ಲದ ಅವಧಿಯ ಕೆಲಸ. ಊರಿನ ಹೊಳೆಯ ಮೇಲ್ಗಡೆ ಮುಚ್ಚಿಹೋದ ತಾಮ್ರದ ಗಣಿಯೊಂದಿದೆ. ಅಲ್ಲಿಂದ ಇಳಿದು ಬರುವ ತಾಮ್ರವನ್ನು ಹೊಳೆಗಲ್ಲಿನ ಮೇಲಿನ ಲೋಳೆ ಹೀರಿಕೊಳ್ಳುತ್ತದೆಯೇ, ಎಷ್ಟು ಹೀರುತ್ತದೆ, ಎಂಬುದು ಅವರ ಪ್ರಶ್ನೆ. ಲೋಳೆ ಬೆಳೆಸಲು ಕಯಾನೊಗೆ ಬರುತ್ತಿತ್ತು, ತಾಮ್ರ ಅಳೆಯಲು ಒನೊದೆರಗೆ ಬರುತ್ತಿತ್ತು. ಒಬ್ಬರಿಂದ ಆಗುವ ಕೆಲಸವಲ್ಲ.

ಜೀವಶಾಸ್ತ್ರದ ಕಟ್ಟಡವನ್ನು ಭೂಕಂಪಕ್ಕೆ ತಡೆಯುವ ಹಾಗೆ ಬಿಗಿಗೊಳಿಸುತ್ತಿದ್ದರು. ಹಾಗಾಗಿ ಕಯಾನೊಳ ಜಾಡಿಗಳು ಮಿತ್ಸುಯೊಳ ತೊಳೆಯುವ ಕೋಣೆಗೆ ಬಂದವು. ಬೇಸಿಗೆಯಿಂದ ಶರತ್ಕಾಲ ಮುಗಿಯುವವರೆಗೆ ಸಣ್ಣ ಕೊಳವೆಗಳಲ್ಲಿ ಹೊಳೆಯ ನೀರು ತೊಟ್ಟಿಕ್ಕುತ್ತಲೇ ಇತ್ತು. ಗಾಜಿನ ಒಳಗೋಡೆಗೆ ಕಂದು ಲೋಳೆ ದಪ್ಪವಾಗುತ್ತಾ ಬಂತು. ಕೋಣೆಯೆಲ್ಲ ಕೆಸರಿನ ವಾಸನೆ. ಮಿತ್ಸುಯೊಗೆ ಒಳಗೊಳಗೇ ಹೇಸಿಗೆ.

“ಅಲ್ಲ ಸೆನ್ಸೇ, ನಾನು ಕೊಳೆ ತೊಳೆದು ಸಂಬಳ ತಗೋತೀನಿ. ನೀವು ಕೊಳೆ ಬೆಳೆಸಿ ಸಂಬಳ ತಗೋತೀರಲ್ಲ,” ಅಂದಳು ಒಂದು ದಿನ.

ಕಯಾನೊ ನಕ್ಕಳು. “ನನ್ನ ಸಂಬಳ ಮಾರ್ಚಿಗೆ ಮುಗಿಯತ್ತೆ ಮಿತ್ಸುಯೊ-ಸಾನ್. ಈ ಕೊಳೆ ಕೈ ಹಿಡಿದ್ರೆ ಉಳ್ಕೋತೀನಿ.”

ಜಾಡಿಗಳಿಗೆ ಕಯಾನೊ ನೀಲಿ ಟೇಪು ಅಂಟಿಸಿದ್ದಳು. ಅವಳ ವಿಭಾಗದಲ್ಲಿ ನೀಲಿ ಎಂದರೆ ಒಳಗೆ ಜೀವ ಇದೆ, ಮುಟ್ಟಬೇಡಿ ಅಂತ. ರಸಾಯನದವರಲ್ಲಿ ನೀಲಿ ಎಂದರೆ ಕೆಲಸ ಮುಗಿಯಿತು, ತೊಳೆಯಿರಿ ಅಂತ. ಈ ವ್ಯತ್ಯಾಸವನ್ನು ಕಯಾನೊ ಮೊದಲ ಸಭೆಯಲ್ಲೇ ಹೇಳಿ, ತನ್ನ ನೀಲಿ ಟೇಪಿದ್ದ ಜಾಡಿ ತೊಳೆಯಬೇಡಿ ಎಂದಿದ್ದಳು. ಮಿತ್ಸುಯೊ ಅಲ್ಲೇ ಟೀ ಬಗ್ಗಿಸುತ್ತಾ ನಿಂತಿದ್ದಳು. ಕೇಳಿಸಿಕೊಂಡಿದ್ದಳು, ತಲೆಯನ್ನೂ ಆಡಿಸಿದ್ದಳು.

ಡಿಸೆಂಬರಿನಲ್ಲಿ ಕಯಾನೊ ನೀರು ಬಸಿದು, ಲೋಳೆ ಒಣಗಲೆಂದು ಜಾಡಿಗಳನ್ನು ತೊಟ್ಟಿಯ ಪಕ್ಕದ ಹಲಗೆಯ ಮೇಲೆ ಸಾಲಾಗಿ ಇಟ್ಟಳು. ಹೊಸವರ್ಷದ ರಜೆ ಮುಗಿಸಿ ಬಂದು ಕೆರೆದು ಅಳೆಯುವುದೆಂದು ಅವಳೂ ಒನೊದೆರ ಅವರೂ ಮಾತಾಡಿಕೊಂಡಿದ್ದರು.

ವರ್ಷದ ಕೊನೆಯ ಕೆಲಸದ ದಿನ ಆ ಕಡೆ ಎಲ್ಲರೂ ಸೇರಿ ಮನೆ, ಅಂಗಡಿ, ಕಚೇರಿಯ ಮೂಲೆಮೂಲೆ ತೊಳೆಯುತ್ತಾರೆ. ಹಳೆಯ ಕೊಳೆ ಹೊಸ ವರ್ಷಕ್ಕೆ ದಾಟಬಾರದು. ಒನೊದೆರ ಸಹ ತಲೆಗೆ ಟವೆಲು ಸುತ್ತಿ, ಸ್ಟೂಲು ಹತ್ತಿ ದೀಪದ ಧೂಳು ಒರೆಸುತ್ತಿದ್ದರು. ಸಂಜೆಯೊಳಗೆ ಮುಗಿಸಿ ಕಿತ್ತಳೆ ತಿಂದು ಮನೆಗೆ ಹೋಗುವುದು ವಾಡಿಕೆ. ಮಿತ್ಸುಯೊಳ ಕೈಗೆ ಆ ದಿನ ರೆಕ್ಕೆ ಬಂದಿರುತ್ತದೆ. ಕಣ್ಣಿಗೆ ನೀಲಿ ಟೇಪು ಕಂಡಿತು, ಕೈ ತಾನಾಗಿ ಜಾಡಿ ಎತ್ತಿತು, ಬಿಸಿನೀರು ಬಿಟ್ಟಿತು, ಬ್ರಷ್ಷು ಒಳಗಿಳಿಯಿತು. ಕಂದು ನೀರು ಸುಳಿಸುಳಿಯಾಗಿ ಬಚ್ಚಲಿಗೆ ಇಳಿದುಹೋಯಿತು.

ಎರಡನೆಯದನ್ನು ಜಾಲಿಸುವಾಗ ನೆನಪಾಯಿತು.

ಅವಳು ನಲ್ಲಿ ನಿಲ್ಲಿಸಿದಳು. ಹಲಗೆಯ ಮೇಲೆ ಉಳಿದವೆಲ್ಲ ಇನ್ನೂ ಹಾಗೇ ಇದ್ದವು. ಆಗಲೇ ಓಡಿಹೋಗಿ ಹೇಳಿದ್ದರೆ ಅಷ್ಟು ಉಳಿಯುತ್ತಿತ್ತು. ಆದರೆ ಕಂದು ಸಾಲಿನ ನಡುವೆ ಎರಡು ಜಾಡಿ ಪಳಪಳ ಹೊಳೆಯುತ್ತಿದ್ದವು. ನೋಡಿದವರಿಗೆ ಯಾರ ಕೈ ಎಂದು ಕೇಳಬೇಕಾಗೇ ಇರಲಿಲ್ಲ. ಎಲ್ಲವೂ ತೊಳೆದುಹೋಗಿದ್ದರೆ, ಕಯಾನೊ ಟೇಪೇ ಅಂಟಿಸಿರಲಿಲ್ಲವೇನೋ ಎಂದು ಜನ ಅಂದುಕೊಳ್ಳಬಹುದು. ಈ ಯೋಚನೆ ಬಂದದ್ದು ಒಂದು ಗಳಿಗೆ. ಅಷ್ಟರಲ್ಲಿ ಮೂರನೆಯದು ಕೈಯಲ್ಲಿತ್ತು. ಒಂದನ್ನೂ ಬಿಡಲಿಲ್ಲ. ಆಮೇಲೆ ಟೇಪುಗಳನ್ನು ಕಿತ್ತು, ಉಂಡೆ ಮಾಡಿ, ಕಸದ ಚೀಲಕ್ಕೆ ಹಾಕಿ, ಚೀಲದ ಬಾಯಿ ಕಟ್ಟಿದಳು. ಮರೆತು ಮಾಡಿದ್ದು ಎರಡು ಜಾಡಿ. ಮಿಕ್ಕದ್ದು ತಿಳಿದೇ ಮಾಡಿದ್ದು.

ಜನವರಿಯಲ್ಲಿ ಬಾಗಿಲು ತೆಗೆದ ಕಯಾನೊ ಹಲಗೆಯ ಮೇಲಿನ ಜಾಡಿಗಳನ್ನು ಒಂದೊಂದಾಗಿ ಎತ್ತಿ ಬೆಳಕಿಗೆ ಹಿಡಿದು ನೋಡಿದಳು. ಒನೊದೆರ ಬಂದರು, ಟೇಪು ಇತ್ತೇ ಎಂದು ಮಿತ್ಸುಯೊಳನ್ನು ಕೇಳಿದರು. ಅವಳು ಅಂದದ್ದು ಎರಡೇ ಮಾತು: “ನಾ ನೋಡ್ಲಿಲ್ಲ.”

ಕಯಾನೊಳ ಮುಖ ನೋಡನೋಡುತ್ತಾ ಬದಲಾಯಿತು. ಅಂಟಿಸಿದ್ದೆ, ನನಗೆ ಚೆನ್ನಾಗಿ ನೆನಪಿದೆ, ಎಂದಳು. ಸ್ವಲ್ಪ ಹೊತ್ತಿಗೆ, ನೀರು ಬಸಿಯುವಾಗ ಒದ್ದೆಗೆ ಕಿತ್ತುಬಂದಿರಬಹುದು, ಎಂದಳು. ಕೊನೆಗೆ, ಅಂಟಿಸಿರಲೇ ಇಲ್ಲವೇನೋ, ಎಂದಳು. ಒನೊದೆರ ಅವತ್ತಿನಿಂದ ಅವಳೊಡನೆ ಮಾತು ಕಡಿಮೆ ಮಾಡಿದರು. ಬೇರೆ ವಿಭಾಗದವರನ್ನು ನಂಬಿ ಕೆಟ್ಟೆ ಎಂದು ಕಾರಿಡಾರಿನಲ್ಲಿ ಯಾರಿಗೋ ಹೇಳುತ್ತಿದ್ದುದು ಮಿತ್ಸುಯೊಳ ಕಿವಿಗೂ ಬಿತ್ತು.

ಮಾರನೆಯ ದಿನ ಕಯಾನೊ ಒಂದು ಪೆಟ್ಟಿಗೆ ಸಿಹಿ ತಂದಳು. ಎರಡೂ ಕೈಯಲ್ಲಿ ಹಿಡಿದು, ಸೊಂಟದಿಂದ ಬಾಗಿ ಮಿತ್ಸುಯೊಗೆ ಕೊಟ್ಟಳು.

“ಟೇಪಿಲ್ಲದೆ ಗಲೀಜು ಜಾಡಿ ಬಿಟ್ಟು ಹೋದೆ. ವರ್ಷದ ಕೊನೇಲಿ ನಿಮಗೆ ಸುಮ್ನೆ ತೊಂದರೆ ಕೊಟ್ಟೆ. ಕ್ಷಮಿಸಿ.”

ಮಿತ್ಸುಯೊ ಪೆಟ್ಟಿಗೆ ಇಸಿದುಕೊಂಡಳು.

ಮನೆಯಲ್ಲಿ ಗಂಡ ತೆತ್ಸುಜಿ, ಬಸ್ಸು ಓಡಿಸಿ ನಿವೃತ್ತನಾದವನು, ಪೆಟ್ಟಿಗೆ ಬಿಚ್ಚಿದ. ಕೆಂಪು ಕಾಳಿನ ಹೂರಣ ತುಂಬಿದ ಅಕ್ಕಿಹಿಟ್ಟಿನ ಉಂಡೆಗಳು. ಒಂದು ತಿಂದ, ಎರಡು ತಿಂದ. ಒಳ್ಳೇ ಅಂಗಡಿಯದು, ಇಷ್ಟು ದುಡ್ಡು ಹಾಕಿ ಯಾರು ತಂದುಕೊಟ್ಟರು ಎಂದ. ಅವಳು ಮುಟ್ಟದೇ ಕೂತದ್ದು ಕಂಡು ರೇಗಿಸಿದ. “ಏನೇ, ಡಾಕ್ಟ್ರು ಸಿಹಿ ಬೇಡ ಅಂದಿದ್ದು ನಂಗೆ. ನೀನ್ಯಾಕೆ ಪಥ್ಯ ಹಿಡಿದಿದೀಯ?” ಅವಳು ಎದ್ದು ಹೋಗಿ ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆಯತೊಡಗಿದಳು.

ಫೆಬ್ರವರಿಯಲ್ಲಿ ಬೀಜನಿಧಿಯ ಸಮಿತಿಯ ಮುಂದೆ ಲೆಕ್ಕ ಒಪ್ಪಿಸಬೇಕಿತ್ತು. ಜೀವಶಾಸ್ತ್ರದ ಕಡೆಯ ಅಜಾಗರೂಕತೆಯಿಂದ ಮಾದರಿಗಳು ಹಾಳಾದವು ಎಂದು ಒನೊದೆರ ವರದಿ ಸಿದ್ಧಮಾಡಿದ್ದರು. ಕಯಾನೊ ಅದಕ್ಕೂ ಒಪ್ಪಿದ್ದಾಳೆಂದು ತಿಳಿದ ದಿನ ಮಿತ್ಸುಯೊ ಒನೊದೆರ ಅವರ ಕೋಣೆಗೆ ಹೋಗಿ, ನಿಂತಲ್ಲೇ, ಮೊದಲ ಜಾಡಿಯಿಂದ ಕಸದ ಚೀಲದವರೆಗೆ ಎಲ್ಲ ಹೇಳಿದಳು.

ಒನೊದೆರ ಕನ್ನಡಕ ತೆಗೆದು ಒರೆಸಿದರು. “ಹೋದ ಲೋಳೆ ಈಗ ವಾಪಸ್ ಬರತ್ತಾ ಮಿತ್ಸುಯೊ-ಸಾನ್? ಇಲ್ಲ. ನಮ್ಮ ಲ್ಯಾಬಲ್ಲಿ ಹೀಗಾಯ್ತು ಅಂತ ಗೊತ್ತಾದ್ರೆ ಮುಂದೆ ಯಾರೂ ನಮ್ಮ ಜೊತೆ ಕೈ ಜೋಡಿಸಲ್ಲ. ನೀವು ಹೇಳ್ಲಿಲ್ಲ, ನಾನು ಕೇಳ್ಲಿಲ್ಲ.”

ಅಷ್ಟು ವರ್ಷ ಅನ್ನ ಕೊಟ್ಟ ಮನುಷ್ಯ. ಅವಳ ಕಪಾಟನ್ನು ಊರಿಗೆಲ್ಲ ಹೊಗಳಿದ ಮನುಷ್ಯ. ಆ ಮಾತಿನ ಮರೆಯಲ್ಲಿ ಅವಳು ಒಂದು ವಾರ ಅಡಗಿದಳು. ಹೇಳಿಯಾಯಿತಲ್ಲ, ಇನ್ನು ಹೊಣೆ ಅವರದು ಎಂದುಕೊಂಡಳು. ಆದರೂ ಸಮಿತಿ ಕೂಡುವ ಹಿಂದಿನ ದಿನ ಮಧ್ಯಾಹ್ನ, ದುರಸ್ತಿ ಮುಗಿದ ಜೀವಶಾಸ್ತ್ರದ ಕಟ್ಟಡದ ಮೆಟ್ಟಿಲು ಹತ್ತಿ ಕಯಾನೊಳ ಬಾಗಿಲು ತಟ್ಟಿದಳು.

ಒನೊದೆರಗೆ ಹೇಳಿದ್ದನ್ನೆಲ್ಲ ಅವಳಿಗೂ ಹೇಳಿದಳು. ಕಯಾನೊ ಕಿಟಕಿಯ ಕಡೆ ತಿರುಗಿದಳು.

“ದಿನಾ ರಾತ್ರಿ ಎದ್ದು ಕೂತು ನೆನಪು ಮಾಡ್ಕೋತಿದ್ದೆ. ಟೇಪ್ ಎಳೆದೆ, ಕತ್ತರಿಸಿದೆ, ಅಂಟಿಸಿದೆ. ನನ್ನ ತಲೆ ಕೆಟ್ಟಿದೆ ಅನ್ಕೊಂಡಿದ್ದೆ,” ಎಂದಳು. ಈಚೆ ತಿರುಗಿ, “ಮೊದಲನೆ ಎರಡು ಬಿಡಿ. ಉಳಿದವು ಯಾಕೆ?” ಎಂದು ಕೇಳಿದಳು.

“ನಂಗೆ ಕೆಟ್ಟ ಹೆಸರು ಬರಬಾರದು ಅಂತ,” ಎಂದಳು ಮಿತ್ಸುಯೊ.

ಮಾರನೆಯ ದಿನ ಸಮಿತಿಯ ಮುಂದೆ ಕಯಾನೊ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಮಿತ್ಸುಯೊಳನ್ನೂ ಒಳಗೆ ಕರೆದರು, ಅವಳೂ ಹೇಳಿದಳು. ಒನೊದೆರ ಮೇಜು ನೋಡುತ್ತಾ ಕೂತಿದ್ದರು. ಹೊಸ ಲೋಳೆ ಬೆಳೆಸಲು ಸಮಿತಿ ಅಕ್ಟೋಬರಿನವರೆಗೆ ಸಮಯ ಕೊಟ್ಟಿತು. ಆದರೆ ಕೆಲಸದ ವಿಷಯ ಸಮಿತಿಯ ಕೈಯಲ್ಲಿರಲಿಲ್ಲ. ಮೊಳಕೆ ತೋರಿಸದವರ ಅವಧಿ ಮುಂದುವರಿಸುವ ಪದ್ಧತಿ ಇಲ್ಲವೆಂದು ಕಚೇರಿಯವರು ಮಾರ್ಚಿಗೆ ಕಯಾನೊಳನ್ನು ಕೆಲಸದಿಂದ ಬಿಡಿಸಿದರು. ಏಪ್ರಿಲಿನಿಂದ ಅವಳು, ಬೀಜನಿಧಿಯಲ್ಲಿ ಮಿಕ್ಕ ಹಣದಲ್ಲಿ, ತನ್ನದೇ ಸಂಶೋಧನೆಗೆ ಗಂಟೆ ಲೆಕ್ಕದ ಸಹಾಯಕಿಯಾಗಿ ಬಂದಳು. ಹಾಜರಿ ಕಾರ್ಡುಗಳ ಗೂಡಿನಲ್ಲಿ ಅವಳ ಕಾರ್ಡು ಮಿತ್ಸುಯೊಳ ಕಾರ್ಡಿನ ಕೆಳಗೇ ಇತ್ತು.

ಬೈದಿದ್ದರೆ ಚೆನ್ನಾಗಿತ್ತು. ಕಯಾನೊ ಬೈಯಲಿಲ್ಲ. ಬೆಳಿಗ್ಗೆ ಎದುರಾದರೆ ಮರ್ಯಾದೆಗೆ ಎಷ್ಟು ಬೇಕೋ ಅಷ್ಟು ತಲೆ ಬಾಗಿಸಿ ಹೋಗುತ್ತಿದ್ದಳು. ಮಿತ್ಸುಯೊ ಹೊತ್ತಿಗೆ ಮುಂಚೆಯೇ ಬರತೊಡಗಿದಳು, ಗೂಡಿನ ಮುಂದೆ ಇಬ್ಬರೂ ಸಿಗಬಾರದೆಂದು.

ಮೇ ತಿಂಗಳಲ್ಲಿ ಒಂದು ಬೆಳಿಗ್ಗೆ ಕಯಾನೊ ಇನ್ನೂ ಮುಂಚೆ ಬಂದು ಅಲ್ಲಿ ನಿಂತಿದ್ದಳು. ಕಾಲಲ್ಲಿ ರಬ್ಬರಿನ ಬೂಟು.

“ಹೊಳೆಗೆ ಬರ್ತೀರಾ? ಹೊಸ ಲೋಳೆಗೆ ಕಲ್ಲು ತರಬೇಕು, ಒಬ್ಬಳಿಗೆ ಹೊರೋಕಾಗಲ್ಲ.”

ಮಿತ್ಸುಯೊ ಕೈಯಲ್ಲಿದ್ದ ಕಾರ್ಡನ್ನು ಗೂಡಿಗೆ ಹಾಕಿದಳು.

“ಕ್ಷಮಿಸಿದೀನಿ ಅಂತ ಅಲ್ಲ,” ಎಂದಳು ಕಯಾನೊ. “ಕೈ ಬೇಕು, ಅಷ್ಟೆ.”

“ಬರ್ತೀನಿ,” ಎಂದಳು ಮಿತ್ಸುಯೊ.

ಬೆಟ್ಟದ ಹಿಮ ಕರಗಿ ಹೊಳೆಯ ನೀರು ಕೊರೆಯುತ್ತಿತ್ತು. ಕಯಾನೊ ಮೊಣಕಾಲುದ್ದ ನೀರಿನಲ್ಲಿ ನಿಂತು, ಲೋಳೆ ಹಿಡಿದ ಕಲ್ಲುಗಳನ್ನು ಒಂದೊಂದಾಗಿ ಆರಿಸಿ ಕೊಟ್ಟಳು. ಮಿತ್ಸುಯೊ ಅವನ್ನು ಅಂಚಿನಲ್ಲಿ ಮಾತ್ರ ಹಿಡಿದು, ಮೇಲ್ಮೈಗೆ ಬೆರಳು ತಾಗದಂತೆ ನೀರು ತುಂಬಿದ ಬಕೆಟ್ಟಿಗೆ ಇಳಿಸಿದಳು. ದಂಡೆಯಿಂದ ರಸ್ತೆಗೆ ಏರು ದಾರಿ. ಬಕೆಟ್ಟಿನ ಹಿಡಿಯನ್ನು ಇಬ್ಬರೂ ಒಂದೊಂದು ಕಡೆ ಹಿಡಿದರು. ನೀರು ತುಳುಕದ ಹಾಗೆ, ಒಬ್ಬರ ಹೆಜ್ಜೆಗೆ ಒಬ್ಬರು ಹೆಜ್ಜೆ ಹೊಂದಿಸುತ್ತಾ ಹತ್ತಿದರು.