ತುಳಿಯಮ್ಮ ತುಳಿ

ನಮ್ಮದು ನಾಲ್ಕು ಜನರ ರಾಕ್ ಬ್ಯಾಂಡ್. ನಾನು ಡ್ರಮ್ಸ್ ಬಾರಿಸುತ್ತಿದ್ದೆ, ಹಾಡುವವಳು ನನ್ನ ಕಾಲೇಜು ಗೆಳತಿ. ಶಿಡ್ಲಘಟ್ಟದಲ್ಲಿ ಹಿಂದೆ ರೇಷ್ಮೆಹುಳ ಸಾಕುತ್ತಿದ್ದ ಒಂದು ಖಾಲಿ ಮನೆಯೇ ನಮ್ಮ ಪ್ರಾಕ್ಟೀಸ್ ಜಾಗ. ಎಷ್ಟು ಗುಡಿಸಿದರೂ ಸೊಪ್ಪಿನ ವಾಸನೆ ಹೋಗುತ್ತಿರಲಿಲ್ಲ.

ಅವಳ ಅಪ್ಪ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಎದೆನೋವು ಬಂದು ಒಂದೇ ದಿನದಲ್ಲಿ ತೀರಿಕೊಂಡರು. ಆಮೇಲೆ ಕೆಲವು ತಿಂಗಳು ಅವಳು ನಮ್ಮ ಕಡೆ ಸುಳಿಯಲಿಲ್ಲ. ನಾವೂ ಕರೆಯಲಿಲ್ಲ. ಒಂದು ಭಾನುವಾರ ತಾನಾಗಿಯೇ ಬಂದು, ಚಪ್ಪಲಿ ಬಿಟ್ಟು ಕೂತು, ಹೊಸ ಹಾಡೊಂದನ್ನು ಹೇಳಿದಳು. 'ತುಳಿಯಮ್ಮ ತುಳಿ, ಹಿಂದೆ ತಿರುಗಬೇಡ, ನಾನಿದೀನಿ.' ಚಿಕ್ಕವಳಿದ್ದಾಗ ಸ್ಕೂಲ್ ಮೈದಾನದಲ್ಲಿ ಸೈಕಲ್ ಕಲಿಸುತ್ತಾ ಅಪ್ಪ ಹೇಳುತ್ತಿದ್ದ ಮಾತಂತೆ ಅದು.

ನಾನು ದುಃಖದ ಹಾಡೆಂದು ಮೆಲ್ಲಗೆ ಬಾರಿಸತೊಡಗಿದೆ. ಅವಳು ತಡೆದಳು.

"ಇಷ್ಟು ನಿಧಾನ ಯಾಕೋ? ಅಪ್ಪ ಸೈಕಲ್ ಹಿಂದೆ ಓಡ್ತಿದ್ರು ಕಣೋ, ನಡೀತಿರ್ಲಿಲ್ಲ."

ಹಾಗೆ ಅದು ಕುಣಿಯುವ ಹಾಡಾಯಿತು. ಮೊಬೈಲಿಂದ ಮೊಬೈಲಿಗೆ ಹರಡಿ ನಮ್ಮ ಜಿಲ್ಲೆಯ ಹುಡುಗರಿಗೆಲ್ಲ ಬಾಯಿಪಾಠವಾಯಿತು. 'ತುಳಿ' ಅಂದರೆ ಪೆಡಲ್ ಅಲ್ಲ, ನೆಲ ತುಳಿಯುವುದು ಅಂತ ಅವರು ತಿಳಿದರು. ಚಿಂತಾಮಣಿಯ ಕಾಲೇಜೊಂದರಲ್ಲಿ ಹುಡುಗರು ಸ್ಟೇಜಿಗೇ ಹತ್ತಿ ತುಳಿದು ಒಂದು ಹಲಗೆ ಮುರಿದರು. ಅವಳ ಅಪ್ಪನ ನೆನಪಿನ ಮೇಲೆ ಇವರು ಹೀಗೆ ಕುಣಿಯುತ್ತಾರಲ್ಲ ಎಂದು ನನಗೆ ಒಳಗೊಳಗೇ ಕಸಿವಿಸಿ. ಅವಳಿಗೆ ಅದೇನೂ ಇರಲಿಲ್ಲ. ಅವಳ ಚಿಂತೆ ಅಮ್ಮನದು. ಅಪ್ಪ ಹೋದಮೇಲೆ ಮನೆಯಲ್ಲಿ ತಾಯಿ ಮಗಳು ಅವರ ಮಾತನ್ನೇ ಎತ್ತುತ್ತಿರಲಿಲ್ಲ. ಹಾಡು ಯಾರ ಬಗ್ಗೆ ಅಂತ ಅವಳು ಅಮ್ಮನಿಗೆ ಹೇಳಿರಲಿಲ್ಲ.

ಗೌರಿಬಿದನೂರಿನ ಕಾರ್ಯಕ್ರಮಕ್ಕೆ ಪಕ್ಕದ ಮನೆಯ ಹುಡುಗಿಯರು ಆ ಅಮ್ಮನನ್ನು ಎಳೆದುಕೊಂಡೇ ಬಂದರು. ಹಾಡು ಶುರುವಾಯಿತು, ಮೈದಾನವೆಲ್ಲ ತುಳಿಯಿತು. ಅಮ್ಮ ಮಾತ್ರ ಕುರ್ಚಿಯಿಂದ ಎದ್ದು ಅಲ್ಲಾಡದೆ ನಿಂತಿದ್ದರು. ಮುಗಿದ ಮೇಲೆ ಸ್ಟೇಜ್ ಹಿಂದಕ್ಕೆ ಬಂದರು. ಗೆಳತಿಯ ಮುಖ ಬಿಳಿಚಿತು.

"ನಿಮ್ಮಪ್ಪ ಹಂಗನ್ನಲಿಲ್ಲ ಕಣೇ," ಅಂದರು ಅಮ್ಮ. "'ತೊಕ್ಕಮ್ಮ, ತೊಕ್ಕು' ಅಂದ್ರು. ಗಾಬರಿ ಆದ್ರೆ ಅವರ ಬಾಯಲ್ಲಿ ತೆಲುಗೇ ಬರ್ತಿದ್ದಿದ್ದು."

"ಸರಿ ಅಮ್ಮ. ಆದ್ರೆ ಕೊನೆಗೆ ನಾನೇ ಕಲೀಲಿ ಅಂತ ಕೈ ಬಿಟ್ರಲ್ಲ. ನಾನು ತಿರುಗಿ ನೋಡಿದಾಗ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ರು."

"ಕೈ ಬಿಟ್ರಾ? ಪಂಚೆ ಕ್ಯಾರಿಯರ್‌ಗೆ ಸಿಕ್ಕೊಂಡು ಹರೀತು. ಅರ್ಧ ನಿನ್ನ ಜೊತೆ ಹೋಯ್ತು. ಮಿಕ್ಕಿದ್ದನ್ನ ಸೊಂಟದಲ್ಲಿ ಹಿಡ್ಕೊಂಡು ನಿಂತಿದ್ರು. ನಾನು ಕಾಂಪೌಂಡ್ ಹತ್ರಾನೇ ಇದ್ದೆ, ನೋಡಿದೀನಿ."

ಮೊದಲು ನಕ್ಕವನು ನಾನೇ. ಆಮೇಲೆ ಅಮ್ಮ ನಕ್ಕರು. ಗೆಳತಿ ನಗುತ್ತಾ ನಗುತ್ತಾ ಅಮ್ಮನ ಹೆಗಲಿಗೆ ಒರಗಿ ಅತ್ತಳು. ನಾವು ಮೂವರೂ ವೈರ್ ಸುತ್ತುವ ನೆಪದಲ್ಲಿ ಆಚೆ ಹೋದೆವು.

ವಾಪಸ್ ಬರುವಾಗ ಅಮ್ಮ ನಮ್ಮ ವ್ಯಾನಲ್ಲೇ ಕೂತರು. ಚಿಕ್ಕಬಳ್ಳಾಪುರ ಬರುವವರೆಗೂ ಗಂಡನ ಮಾತೇ ಮಾತು. ಮದುವೆಯ ಹೊಸತರಲ್ಲಿ ಸಿನಿಮಾಕ್ಕೆಂದು ಹೊರಟು ಬೇರೆ ಊರಿನ ಬಸ್ ಹತ್ತಿಸಿದ್ದು, ಸಾರಿಗೆ ಎರಡು ಸಲ ಉಪ್ಪು ಹಾಕಿ ತಾವೇ ಹೊಗಳಿಕೊಂಡು ಉಂಡಿದ್ದು. ಮಗಳು "ಆಮೇಲೆ?" "ಆಮೇಲೆ?" ಅನ್ನುತ್ತಲೇ ಇದ್ದಳು.

ಪಂಚೆಯ ಮೇಲೆ ಒಂದು ಚರಣ ಸೇರಿಸಿದ್ದೇವೆ. ಜನ ಅಲ್ಲಿ ನಗುತ್ತಾರೆ. ಬಿಡುವಿದ್ದಾಗ ಅಮ್ಮನೂ ನಮ್ಮ ಜೊತೆ ಬರುತ್ತಾರೆ, ಸ್ಪೀಕರಿನಿಂದ ದೂರ ಕೂರಿಸಿ ಅನ್ನುವುದೊಂದೇ ಅವರ ಷರತ್ತು.